ಮೇವು ಮುಟ್ಟದ ಇಂಜಿನ್

ಮಾಗಿಯ ಚಳಿ ಇನ್ನೂ ಹಿಂದೆಗೆಯದ ಒಂದು ಸೋಮವಾರ, ಹೊತ್ತು ನೆತ್ತಿಗೇರುವ ಸಮಯಕ್ಕೆ ಇದೆಲ್ಲ ಶುರುವಾಯಿತು. ಸಂಡೂರಿನ ಸಂತೆಬೀದಿಯಲ್ಲಿ, ಕೊಟ್ರಯ್ಯ ಸಾವ್ಕಾರನ ಅಂಗಡಿ ಮುಂದೆ, ಹೊಸಪೇಟೆಯ ಎಲಿ ಉಜ್ಜಿನಪ್ಪ ಸೈಕಲ್ಲಿನಿಂದ ಇಳಿಯಲಿಲ್ಲ, ಉದುರಿದ.

ಆಗ ಹೊಸಪೇಟೆ ಮದ್ರಾಸಿನ ಸರ್ಕಾರದ ಕೆಳಗಿತ್ತು. ಗುಡ್ಡದಾಚೆಯ ಸಂಡೂರು ಬೇರೆಯೇ ಸಂಸ್ಥಾನ. ಎರಡರ ನಡುವೆ ಒಂದು ಏರು, ಒಂದು ಸುಂಕದ ನಾಕಾ, ಮತ್ತು ವಾರಕ್ಕೊಮ್ಮೆ ವೀಳ್ಯದೆಲೆಯ ಬುಟ್ಟಿ ಹೇರಿಕೊಂಡು ಏದುಸಿರು ಬಿಡುವ ಉಜ್ಜಿನಪ್ಪ. ಎಲೆ ಕಮಲಾಪುರದ ತೋಟದ್ದು. ತೋಟದವರು ಹೊತ್ತು ಮೂಡುವ ತನಕ ಬಳ್ಳಿ ಮುಟ್ಟುವವರಲ್ಲ; ಕತ್ತಲಲ್ಲಿ ಮುಟ್ಟಿದರೆ ಬಳ್ಳಿ ಮುನಿಯುತ್ತದೆ ಎಂಬುದು ಅವರ ನಂಬಿಕೆ. ಬಳ್ಳಿಯ ಮರ್ಯಾದೆ ಕಾಯಲು ಹೋಗಿ ಎಲೆಯ ಮರ್ಯಾದೆ ದಾರಿಯಲ್ಲೇ ಹೋಗುತ್ತಿತ್ತು. ಒದ್ದೆ ಗೋಣಿ ಸುತ್ತಿದರೂ, ಏರಿನಲ್ಲಿ ಸೈಕಲ್ ತಳ್ಳಿ ಸಂಡೂರು ಸೇರುವಷ್ಟರಲ್ಲಿ ಮಧ್ಯಾಹ್ನ.

ಕೊಟ್ರಯ್ಯ ಒಂದು ಎಲೆ ಎತ್ತಿ ಹಿಡಿದ. ಎಲೆ ತಲೆ ಬಾಗಿಸಿತು.

"ಉಜ್ಜಿನಪ್ಪಾ, ಇದು ಎಲಿಯೇನೋ, ಎಲಿಯ ಹೆಣಾನೋ?"

"ಬಿಸಲು ಭಾಳ ಐತಿ ಅಣ್ಣ."

"ಬಿಸಲು ಬಸ್ಸಿಗೂ ಇರತೈತಿ. ಬಸ್ಸಿನವರು ನಿನ್ನಿ ಬಂದು ಕೇಳಿದ್ರು, ಎಲಿ ನಾವ್ ತರತೀವಿ ಅಂತ. ನೋಡಪಾ, ನಿನ್ನ ಅಪ್ಪನ ಕಾಲದಿಂದ ನಿಮ್ಮ ಎಲಿ ತಿಂದೀನಿ. ಅದಕ್ಕ ಒಂದು ಸಂತಿ ಬಿಟ್ಟುಕೊಡತೀನಿ. ಮುಂದಿನ ಸೋಮವಾರ ಬಸ್ಸಿಗಿಂತ ಮೊದಲ ಬುಟ್ಟಿ ಇಲ್ಲಿ ಇಳಿಸಿದಿ ಅಂದ್ರ ಎಲಿ ನಿಂದು. ಇಲ್ಲಾಂದ್ರ ಬಸ್ಸಿಂದು. ಆಮ್ಯಾಲೆ ನನ್ನ ಮ್ಯಾಲೆ ಬ್ಯಾಸರ ಮಾಡ್ಕೋಬ್ಯಾಡ."

ಸಂಡೂರಿನ ಎಲೆ ತಪ್ಪಿದರೆ ಉಜ್ಜಿನಪ್ಪನಿಗೆ ಉಳಿಯುವ ದಾರಿ ಒಂದೇ, ಅದು ಕಂಪ್ಲಿಯ ದಾರಿ. ಹೆಂಡತಿ ಮರುಳಸಿದ್ದಮ್ಮನ ಅಣ್ಣ ವಿರೂಪಾಕ್ಷಪ್ಪ ಅಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ. "ಬಂದ್ಬಿಡು ಉಜ್ಜಿನಪ್ಪಾ, ಕಣದಾಗ ಭತ್ತ ಒಣಗಾಕ ಹಾಕಿರತೀವಿ, ಗುಬ್ಬಿ ಓಡಿಸ್ಕೊಂಡು ಕುಂದ್ರು. ಮನಿ ಅಳಿಯ ಅಂತ ಕುರ್ಚಿ ಬೇಕಾದ್ರೂ ಹಾಕಿಸಿ ಕೊಡತೀನಿ" ಎಂದು ಹಬ್ಬಕ್ಕೊಮ್ಮೆ ಕರೆಯುತ್ತಿದ್ದ. ಉಜ್ಜಿನಪ್ಪ ಆ ಕುರ್ಚಿಯನ್ನು ಎಷ್ಟೋ ಸಲ ಕನಸಿನಲ್ಲಿ ಕಂಡು ಬೆವೆತು ಎದ್ದಿದ್ದ. ಗುಬ್ಬಿಗಳು ಅವನನ್ನು ನೋಡಿ ನಗುತ್ತಿದ್ದವಂತೆ.

ಊರಿಗೆ ಮರಳಿದವನೇ ಸ್ಟೇಷನ್ ರಸ್ತೆಯ ಹಂಪಯ್ಯನ ಸೈಕಲ್ ಅಂಗಡಿಗೆ ಹೋದ. ಹಂಪಯ್ಯ ಪಂಕ್ಚರ್ ಹಾಕುವುದರಲ್ಲಿ ಗಟ್ಟಿಗ, ಉಳಿದದ್ದರಲ್ಲಿ ಧೈರ್ಯವಂತ. ಬಳ್ಳಾರಿ ದಂಡಿನ ಹರಾಜಿನಲ್ಲಿ ಅವನು ಎರಡು ಇಂಜಿನ್ ಹಿಡಿದು ತಂದಿದ್ದ. ಒಂದು ದೊಡ್ಡದು, ಡೇರೆಗಳಿಗೆ ದೀಪ ಹತ್ತಿಸಲು ಇಟ್ಟಿದ್ದಂತೆ. ಹೊಟ್ಟೆ ತುಂಬಿದ ಕೊಪ್ಪರಿಗೆಯ ಹಾಗೆ ಕುಂತಿತ್ತು. ಇನ್ನೊಂದು ಸಣ್ಣದು, ಸೈಕಲ್ಲಿಗೆಂದೇ ಮಾಡಿದ್ದು, ಎರಡು ಕೈಯಲ್ಲಿ ಹಿಡಿದರೆ ಕುಂಬಳಕಾಯಿ ಹಿಡಿದಂತೆ.

"ಸೈಕಲ್ಲಿಗೆ ಕೂಡಿಸಿ ಬೆಲ್ಟು ಹಾಕಿದ್ರ ಮುಗೀತು. ನೀ ಸುಮ್ನ ಕುಂದ್ರು, ಅದು ಓಡತೈತಿ" ಎಂದ ಹಂಪಯ್ಯ.

"ಎರಡರಾಗ ನಂಬಿಗಸ್ತ ಯಾವುದು?"

"ಎರಡೂ ವಿಲಾಯ್ತಿ."

"ಅಂದ್ರ?"

"ಅಂದ್ರ ಎರಡೂ ಸಮುದ್ರ ದಾಟಿ ಬಂದಾವ. ನೀನು ಹಗರಿ ಹೊಳಿ ದಾಟಿದ್ದೀ ಏನು? ಮ್ಯಾಲೆ ಪ್ರಶ್ನಿ ಬ್ಯಾರೆ."

ಉಜ್ಜಿನಪ್ಪ ತಲೆ ಕೆರೆದುಕೊಂಡ. ಅವನ ವಂಶದಲ್ಲಿ ಯಾರೂ ಇಂಜಿನ್ ಕೊಂಡವರಿರಲಿಲ್ಲ. ಎತ್ತು ಕೊಂಡವರಿದ್ದರು. ಎತ್ತನ್ನು ಯಾರೂ ಸಂತೆಯಲ್ಲಿ ನೋಡಿ ಹಾಗೇ ಒಪ್ಪಿಕೊಳ್ಳುವುದಿಲ್ಲ. ಮನೆಗೆ ತಂದು ಮೂರು ದಿನ ಗೂಟಕ್ಕೆ ಕಟ್ಟಿ ನೋಡುತ್ತಾರೆ. ಮೇವು ತಿನ್ನುತ್ತದೋ ಮೂಸಿ ಬಿಡುತ್ತದೋ, ಹಾಯುತ್ತದೋ ಒದೆಯುತ್ತದೋ, ಎಲ್ಲ ಆ ಮೂರು ದಿನದಲ್ಲಿ ತಿಳಿದುಬಿಡುತ್ತದೆ. ತಿಳಿದ ದಾರಿ ಬಿಟ್ಟು ತಿಳಿಯದ ದಾರಿಯಲ್ಲಿ ಹೋಗಲು ಉಜ್ಜಿನಪ್ಪ ಹುಚ್ಚನೇ?

"ಎರಡನ್ನೂ ಒಯ್ಯತೀನಿ. ಕಟ್ಟಿ ನೋಡತೀನಿ. ಯಾವುದು ಹೊಂದತೈತೋ ಅದು ನಂದು" ಎಂದ.

ಹಂಪಯ್ಯ ನಗಲು ಬಾಯಿ ತೆರೆದ. ಆದರೆ ವ್ಯಾಪಾರ ನೆನಪಾಗಿ ಅದೇ ಬಾಯಲ್ಲಿ "ಆಗಲಿ" ಎಂದ.

ಗುರುವಾರ ಎರಡೂ ಇಂಜಿನ್ ಉಜ್ಜಿನಪ್ಪನ ಅಂಗಳಕ್ಕೆ ಬಂದವು. ಓಡಿಸಿದರೆ ಕುಣಿದಾಡುತ್ತವೆ, ಗಟ್ಟಿಯಾಗಿ ಬಿಗಿಯಬೇಕು ಎಂದು ಹಂಪಯ್ಯನೂ ಹೇಳಿದ್ದರಿಂದ, ಎರಡನ್ನೂ ದನಕ್ಕೆ ಮೇವು ಹಾಕುವ ಗ್ವಾದಲಿಯ ಪಕ್ಕದ ಕಲ್ಲುಗೂಟಕ್ಕೆ ಹೊಸ ಹಗ್ಗದಿಂದ ಕಟ್ಟಲಾಯಿತು. ಪಕ್ಕದ ಮನೆಯ ಮುದುಕಿ ತಾಯಕ್ಕ ಎರಡಕ್ಕೂ ಅರಿಶಿನ ಕುಂಕುಮ ಹಚ್ಚಿ, ಮೆಣಸಿನಕಾಯಿಯಿಂದ ದೃಷ್ಟಿ ಇಳಿ ತೆಗೆದು, "ದೊಡ್ಡದರ ಮಾರಿ ಲಕ್ಷಣ ಐತಿ. ಸಣ್ಣದು ಯಾಕೋ ಬಡಕಲು" ಎಂದು ಮೊದಲ ತೀರ್ಪು ಕೊಟ್ಟಳು.

ಅದೇ ಸಂಜೆ ಕಂಪ್ಲಿಯಿಂದ ಗಾಡಿ ಕಟ್ಟಿಕೊಂಡು ವಿರೂಪಾಕ್ಷಪ್ಪ ಬಂದಿಳಿದ. ಸಂಡೂರಿನ ಸುದ್ದಿ ಅವನಿಗೆ ಹೇಗೋ ಮುಟ್ಟಿತ್ತು. ಗಾಡಿ ದೊಡ್ಡದು, ತಂಗಿಯ ಸಂಸಾರವೆಲ್ಲ ಹಿಡಿಸುವಂಥದ್ದು. ವಿರೂಪಾಕ್ಷಪ್ಪ ಎತ್ತಿನ ಪರೀಕ್ಷೆಯಲ್ಲಿ ಸುತ್ತ ಹತ್ತೂರಿಗೆ ಹೆಸರಾದವನು. ಎತ್ತಿನ ಬಾಯಿ ತೆರೆದು ನೋಡಿದರೆ ಅದರ ಅಜ್ಜನ ವಯಸ್ಸೂ ಹೇಳುತ್ತಿದ್ದ.

"ಭಾವ, ನೀನ ನೋಡಿ ಹೇಳು" ಎಂದ ಉಜ್ಜಿನಪ್ಪ.

ವಿರೂಪಾಕ್ಷಪ್ಪ ಎರಡು ಸುತ್ತು ಹಾಕಿದ. ದೊಡ್ಡದರ ಬೆನ್ನು ತಟ್ಟಿದ. ಸಣ್ಣದನ್ನು ಕಾಲಿನ ಹೆಬ್ಬೆರಳಿನಿಂದ ಮುಟ್ಟಿದ. "ಮೊದಲ ಮೇವು ಹಾಕು" ಎಂದ.

ಒಂದೊಂದಕ್ಕೆ ಒಂದೊಂದು ಚೊಂಬು ಪೆಟ್ರೋಲು ಹೊಯ್ದು ಓಡಿಸಿದರು. ದೊಡ್ಡದು ಢಣ್ ಢಣ್ ಎಂದು ಎದ್ದ ಅಬ್ಬರಕ್ಕೆ ಮನೆಯ ಮಾಡಿನಿಂದ ಹಲ್ಲಿ ಬಿತ್ತು, ನಾಗಂದಿಗೆಯ ಮೇಲಿನ ಬೇಳೆಯ ಗಡಿಗೆ ಬಿತ್ತು, ತಾಯಕ್ಕ ಕುಂತಲ್ಲೇ ಎದ್ದು ನಿಂತಳು. ಎಲೆ ಅಡಿಕೆ ಹಾಕಿಕೊಂಡು ಅಗಿದು ಉಗುಳುವಷ್ಟರಲ್ಲಿ ಚೊಂಬು ಖಾಲಿ. ಸಣ್ಣದು ಪಟಪಟ ಎಂದು ಮೆಲ್ಲಗೆ ಸದ್ದು ಮಾಡುತ್ತ ಕುಂತಿತು. ಊಟ ಆಯಿತು, ಊಟದ ಮೇಲಿನ ಮಾತೂ ಆಯಿತು, ಬಂದು ಬಗ್ಗಿ ನೋಡಿದರೆ ಪೆಟ್ರೋಲು ಒಂದು ಬೆರಳಿನಷ್ಟೂ ಇಳಿದಿರಲಿಲ್ಲ.

ವಿರೂಪಾಕ್ಷಪ್ಪ ಹೆಗಲ ಮೇಲಿನ ವಲ್ಲಿ ಕೊಡವಿದ. "ಮುಗೀತು ಪರೀಕ್ಷಿ. ಉಂಡ ಎತ್ತು ಎಳಿತೈತಿ. ದೊಡ್ಡದು ಹೆಂಗ ಗಟಗಟ ಕುಡೀತು ನೋಡಿದಿಲ್ಲೋ? ಅದು ಜೀವ. ಇದು ನೋಡು, ಮೇವು ಮುಟ್ಟವಲ್ದು. ಒಳಗ ಏನೋ ರೋಗ ಐತಿ."

"ನನಗ ಸಣ್ಣದ ಚಲೋ ಕಾಣತೈತಿ" ಎಂದಳು ಮರುಳಸಿದ್ದಮ್ಮ, ಅಂಗಳದಲ್ಲಿ ಚೆಲ್ಲಿದ ಬೇಳೆ ಆಯುತ್ತ. "ದೊಡ್ಡದು ಇನ್ನೆರಡು ಸಲ ಕೂಗಿದ್ರ ಮನಿಯಾಗ ಗಡಿಗಿ ಉಳಿಯಂಗಿಲ್ಲ."

"ಎತ್ತು ನೋಡೋದು ಗಂಡಸರ ಕೆಲಸಬೇ ತಂಗೀ."

"ಇದು ಎತ್ತಲ್ಲಲ್ಲ ಅಣ್ಣ."

ಈ ಮಾತು ಯಾರ ಕಿವಿಗೂ ಬೀಳಲಿಲ್ಲ. ದೊಡ್ಡದು ಮತ್ತೆ ಓಡುತ್ತಿತ್ತು.

ಶುಕ್ರವಾರ ಸಣ್ಣದು ಇನ್ನೂ ಸೊರಗಿದಂತೆ ಕಂಡಿತು. ಶನಿವಾರ ಮುಂಜಾನೆ ಒಂದು ಸಲ ಕಿರ್ ಎಂದದ್ದು ಪೂರಾ ನಿಂತೇಬಿಟ್ಟಿತು. ಸುದ್ದಿ ಓಣಿ ಹಿಡಿಯಿತು. ತಾಯಕ್ಕನ ಬಾಯಿಂದ "ಉಜ್ಜಿನಪ್ಪನ ಮನಿಯಾಗ ಕಟ್ಟಿ ನೋಡಾಕ ತಂದದ್ದು ಒಂದು ಮೇವು ಬಿಟ್ಟೈತಿ" ಎಂದು ಹೊರಟದ್ದು, ಪೇಟೆ ದಾಟುವಾಗ "ಮೇವು ಬಿಟ್ಟು ಹೊಗಿ ಕಾರಾಕತ್ತೈತಿ" ಎಂದಾಗಿ, ಪ್ರವಾಸಿ ಬಂಗಲೆ ಮುಟ್ಟುವಷ್ಟರಲ್ಲಿ "ದನದ ದೊಡ್ಡ ಬ್ಯಾನಿ ಊರಿಗೆ ಬಂತು" ಎಂದಾಯಿತು. ಬಂಗಲೆಯಲ್ಲಿ ಆ ದಿನ ಸರ್ಕಾರದ ದನದ ಡಾಕ್ಟರು ಮೊಕ್ಕಾಂ ಮಾಡಿದ್ದರು. ಕರ್ನೂಲಿನ ಕಡೆಯವರು. ಊಟ ಅರ್ಧಕ್ಕೆ ಬಿಟ್ಟು, ಜವಾನನ ತಲೆಯ ಮೇಲೆ ಪೆಟ್ಟಿಗೆ ಹೊರಿಸಿಕೊಂಡು ಬಂದೇಬಂದರು.

"ಏಮಯ್ಯಾ, ಬ್ಯಾನಿ ಬಂದ ಪಶು ಎಲ್ಲಿ?"

ಉಜ್ಜಿನಪ್ಪ ಕೈ ಮುಗಿದು ಗೂಟ ತೋರಿಸಿದ. ಅರಿಶಿನ ಕುಂಕುಮ ಹಚ್ಚಿಕೊಂಡು, ಹಗ್ಗ ಬಿಗಿದುಕೊಂಡು, ತಾಯಕ್ಕ ಹೊದಿಸಿದ ಗೋಣಿಚೀಲದ ಕೆಳಗೆ ಸಣ್ಣ ಇಂಜಿನ್ ಮಲಗಿತ್ತು. ಡಾಕ್ಟರು ಗೋಣಿ ಎತ್ತಿದರು. ನೋಡಿದರು. ಮತ್ತೆ ಮುಚ್ಚಿದರು. ಅವರ ಮುಖದಲ್ಲಿ ಏನೇನೋ ಬಂದು ಹೋಯಿತು. ಆದರೆ ಹಿಂದೆ ಅರ್ಧ ಹೊಸಪೇಟೆ ನಿಂತಿತ್ತು; ಸರ್ಕಾರ ಬಂದ ಮೇಲೆ ಬರಿಗೈಲಿ ಹೋಗುವಂತಿಲ್ಲ.

"ಎಷ್ಟು ದಿನದಿಂದ ತಿಂದಿಲ್ಲ?" ಎಂದು ಗಂಟಲು ಸರಿಮಾಡಿಕೊಂಡು ಕೇಳಿದರು.

"ಬಂದಾಗಿಂದ ಅಷ್ಟಕ್ಕಷ್ಟ ಸ್ವಾಮಿ."

"ಜೊತೆಯದು?"

"ಅದು ಡಬ್ಬಿಗಟ್ಲೆ ಕುಡೀತೈತ್ರೀ."

"ಹೂಂ. ಕೇಳಯ್ಯಾ, ಬಾಲ ಇರೋದು ಮಾತ್ರ ನನ್ನ ಇಲಾಖೆಗೆ ಬರ್ತದೆ. ಇದಕ್ಕೆ ಬಾಲ ಇಲ್ಲ." ಜನ ನಿರಾಸೆಯಿಂದ ಗೊಣಗಿದರು. ಡಾಕ್ಟರಿಗೆ ಅದು ಸರಿಬರಲಿಲ್ಲ. "ಆದರೂ ಬೇರೆ ದನದಿಂದ ದೂರ ಕಟ್ಟು. ಒಂದೇ ಗ್ವಾದಲಿಯಲ್ಲಿ ನೀರು ಕುಡಿಸಬೇಡ" ಎಂದು ಆಜ್ಞೆ ಕೊಟ್ಟು, ಅರ್ಧ ಬಿಟ್ಟ ಊಟಕ್ಕೆ ಮರಳಿದರು. ಸರ್ಕಾರವೇ ರೋಗ ಇದೆ ಎಂದ ಮೇಲೆ ಇನ್ನು ಯಾರು ಇಲ್ಲ ಎಂದಾರು? ಮರುಳಸಿದ್ದಮ್ಮ ಕೂಡ ಸಣ್ಣದರ ಪಕ್ಷ ಬಿಟ್ಟಳು.

ಭಾನುವಾರ ದೊಡ್ಡದನ್ನು ಹೂಡಿ ನೋಡುವ ದಿನ. ಹಂಪಯ್ಯ ಅದನ್ನು ಸೈಕಲ್ಲಿನ ಹಿಂದೆ ಕೂಡಿಸಿ ಬಿಗಿದ. ಕೂಡಿಸಿದ ಕೂಡಲೇ ಸೈಕಲ್ಲಿನ ಮುಂದಿನ ಗಾಲಿ ಮೇಲೆದ್ದು ಎಲ್ಲರಿಗೂ ಶರಣು ಎಂದಿತು. ಭಾರಕ್ಕೆ ಒಂದು ಕಲ್ಲುಗುಂಡನ್ನು ಮುಂದೆ ಕಟ್ಟಿದರು. ಉಜ್ಜಿನಪ್ಪ ಹತ್ತಿದ. ದೊಡ್ಡದು ಅಬ್ಬರಿಸಿ ಹೊರಟಿತು. ನಾಯಿಗಳು ಬಾಲ ಮುದುರಿದವು. ವಿರೂಪಾಕ್ಷಪ್ಪ ಗಾಡಿ ಹೂಡಿಕೊಂಡು, ತನ್ನ ಎತ್ತು ಗೆದ್ದಷ್ಟು ಸಂತೋಷದಿಂದ ಹಿಂಬಾಲಿಸಿದ.

ಜಂಬುನಾಥನ ಗುಡ್ಡದ ಎದುರಿಗೆ ಅವನು ಬಂದು ನೋಡಿದರೆ ಉಜ್ಜಿನಪ್ಪ ರಸ್ತೆ ಬದಿಯ ಬೇವಿನ ಕೆಳಗೆ ಕುಂತಿದ್ದ.

"ಯಾಕೋ, ಕೆಟ್ಟಿತೇನು?"

"ಇಲ್ಲ ಭಾವ. ಹಸಿದೈತಿ."

ಡಬ್ಬಿ ತಂದು ಹೊಯ್ದರು. ಹಿಂದಿರುಗಿ ಬರುವಾಗ ಇನ್ನೊಮ್ಮೆ ಹಸಿಯಿತು. ಅಂಗಳದಲ್ಲಿ ಮೂವರೂ ಕುಂತು ಯೋಚಿಸಿದರು. ಸಂಡೂರು ಮುಟ್ಟಬೇಕಾದರೆ ಆಚೆ ಈಚೆ ಎರಡೆರಡು ಡಬ್ಬಿ ಪೆಟ್ರೋಲು ತೂಗುಹಾಕಬೇಕು. ಮುಂದೆ ಕಲ್ಲುಗುಂಡು, ಹಿಂದೆ ಇಂಜಿನ್.

"ಎಲಿ ಬುಟ್ಟಿ ಎಲ್ಲಿಡೂದು?" ಎಂದ ಉಜ್ಜಿನಪ್ಪ.

ವಿರೂಪಾಕ್ಷಪ್ಪ ಬಹಳ ಹೊತ್ತು ಸೈಕಲ್ ನೋಡಿ, "ತಲಿ ಮ್ಯಾಲೆ ಹೊತ್ಕೋ" ಎಂದ.

"ಅಣ್ಣ, ಅದಕ್ಕಿಂತ ಬುಟ್ಟಿ ಹೊತ್ಕೊಂಡು ನಡಕೋತ ಹೋದ್ರ ಇಂಜಿನ್ ಹೊರೋದು ತಪ್ಪತೈತಲ್ಲ?" ಎಂದಳು ಮರುಳಸಿದ್ದಮ್ಮ.

ವಿರೂಪಾಕ್ಷಪ್ಪ ಮೆಲ್ಲಗೆ, ಮನಸ್ಸಿಗೆ ನೋವಾಗದ ಹಾಗೆ, "ಉಜ್ಜಿನಪ್ಪಾ, ಗಾಡಿ ಹೆಂಗೂ ಬಂದೈತಿ. ಮಡಕಿ ಕುಡಕಿ ಕಟ್ಟಿಸು. ಗುಬ್ಬಿ ಓಡಿಸೋದು ಕೀಳು ಕೆಲಸ ಏನಲ್ಲ" ಎಂದ. ಮರುಳಸಿದ್ದಮ್ಮ ಒಳಗೆ ಹೋಗಿ ಬೀಸುಕಲ್ಲಿನ ಮುಂದೆ ಕುಂತಳು. ಬೀಸಲಿಲ್ಲ. ಬೀಸುವ ಸದ್ದು ಬಾರದ್ದು ಉಜ್ಜಿನಪ್ಪನಿಗೆ ಅಂಗಳದ ತನಕ ಕೇಳಿಸಿತು.

ಅವನು ಎದ್ದವನೇ ಅಂಜಿನಯ್ಯನನ್ನು ಕರೆತಂದ. ಅಂಜಿನಯ್ಯ ದನಕ್ಕೆ ನಾಟಿ ಔಷಧಿ ಕೊಡುವವನು. ಅವನ ಔಷಧಿ ಒಂದೇ, ಔಡಲೆಣ್ಣೆ, ಅಂದರೆ ಹರಳೆಣ್ಣೆ. ದನ ಕೆಮ್ಮಿದರೂ ಅದೇ, ಕುಂಟಿದರೂ ಅದೇ. ಕಂಕುಳಲ್ಲಿ ಬಿದಿರಿನ ಗೊಟ್ಟ ಇಟ್ಟುಕೊಂಡು ಬಂದ. ದನದ ಬಾಯಿಗೆ ಇಟ್ಟು ಔಷಧಿ ಸುರಿಯುವ ಕೊಳವೆ ಅದು.

"ಹೊಟ್ಟಿ ಬಿಗದೈತಿ" ಎಂದ, ಸಣ್ಣ ಇಂಜಿನ್ನಿನ ಮೇಲೆ ಕಿವಿಯಿಟ್ಟು. "ಬಾಯಿ ಯಾವುದು?"

ಹಂಪಯ್ಯನಿಗೂ ಖಾತ್ರಿ ಇರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವುದು ಅವನ ಅಂಗಡಿಯಲ್ಲಿ ಸಿಗದ ಸಾಮಾನು. ನೆತ್ತಿಯ ಮೇಲಿನ ಪ್ಲಗ್ ಬಿಚ್ಚಿ, "ಇದ" ಎಂದ. ವಿರೂಪಾಕ್ಷಪ್ಪ ಅಭ್ಯಾಸಬಲದಿಂದ ಇಂಜಿನ್ನಿನ ಕುತ್ತಿಗೆ ಗಟ್ಟಿ ಹಿಡಿದು, "ಹಾಯಂಗಿಲ್ಲ, ಹಾಕು" ಎಂದ. ಅಂಜಿನಯ್ಯ ಗೊಟ್ಟ ಇಟ್ಟು ಎಣ್ಣೆ ಹೊಯ್ದ. ಹಂಪಯ್ಯ ಇಂಜಿನ್ನಿನ ಗಾಲಿಯನ್ನು ಮುಂದೆ ಹಿಂದೆ ತಿರುವಿದ. ಮೊದಲು ಅಲುಗಲಿಲ್ಲ. ಆಮೇಲೆ ಒಂದಿಷ್ಟು ಜಗ್ಗಿತು. ಆಮೇಲೆ ಪೂರಾ ಒಂದು ಸುತ್ತು. "ಮೇವಿನಾಗೂ ಒಂದೀಟು ಕಲಸ್ರಿ" ಎಂದು ಅಂಜಿನಯ್ಯ ಪೆಟ್ರೋಲಿಗೂ ಒಂದು ಧಾರೆ ಬಿಟ್ಟು ಚೆನ್ನಾಗಿ ಕದಡಿದ. ಪ್ಲಗ್ ಒರೆಸಿ ಹಾಕಿ ಹಂಪಯ್ಯ ಗಾಲಿಗೆ ಹಗ್ಗ ಸುತ್ತಿ ಎಳೆದ ಕೂಡಲೇ, ಮೂಗಿಗೆ ಹಿತವಾದ ಬಿಳಿ ಹೊಗೆ ಒಂದು ಮೊರದಷ್ಟು ಬಿಟ್ಟು, ಪಟಪಟಪಟ!

"ನೋಡಿದ್ರಾ, ಹೊಟ್ಟಿ ಸಡ್ಲಾತು!" ಎಂದ ಅಂಜಿನಯ್ಯ.

ಆ ಜಾತಿಯ ಇಂಜಿನ್ನಿಗೆ ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಬೇಕು, ಇಲ್ಲದಿದ್ದರೆ ಒಳಗೆ ಒಣಗಿ ಹಿಡಿದುಕೊಳ್ಳುತ್ತದೆ ಎಂಬುದು ಆ ಅಂಗಳದಲ್ಲಿ ಯಾರಿಗೂ ತಿಳಿದಿರಲಿಲ್ಲ. ತಿಳಿಯದೆ ಮಾಡಿದ ಪುಣ್ಯವೂ ಪುಣ್ಯವೇ. ಹಂಪಯ್ಯ ದೊಡ್ಡದನ್ನು ಇಳಿಸಿ ಸಣ್ಣದನ್ನು ಸೈಕಲ್ಲಿಗೆ ಕೂಡಿಸಿದ. ಒಳಗೆ ಬೀಸುಕಲ್ಲಿನ ಸದ್ದು ಶುರುವಾಯಿತು.

ಸೋಮವಾರ ಕಮಲಾಪುರದ ಬಳ್ಳಿಗಳಿಗೆ ಬಿಸಿಲು ಸೋಕಿದ ಕೂಡಲೇ ಬುಟ್ಟಿ ತುಂಬಿತು. ಹೊಸಪೇಟೆ ದಾಟುವಾಗ ಬಸ್ಸು ಜನರನ್ನು ತುಂಬಿಸಿಕೊಳ್ಳುತ್ತ ನಿಂತಿತ್ತು. "ಲೇ ಉಜ್ಜಿನಪ್ಪಾ, ಏರಿನಾಗ ಸಿಗತೀಯಲ್ಲ, ಹಗ್ಗ ಕಟ್ಟಿ ಎಳಕೊಂಡು ಹೋಗತೀವಿ!" ಎಂದು ಕ್ಲೀನರ್ ಕೂಗಿದ. ಉಜ್ಜಿನಪ್ಪನಿಗೆ ಅದು ಕೇಳಿಸಿತು. ಆದರೆ ಅವನ ಚಿಂತೆಯೇ ಬೇರೆ. ಜಂಬುನಾಥನ ಗುಡ್ಡದ ಎದುರು ನಿಲ್ಲಿಸಿ ಮುಚ್ಚಳ ತೆಗೆದು ನೋಡಿದ. ಪೆಟ್ರೋಲು ಇಳಿದಿರಲಿಲ್ಲ. "ಒಂದು ಗುಟುಕಾದ್ರೂ ಕುಡಿಯೋ ನಮ್ಮಪ್ಪ" ಎಂದು ಬೆನ್ನು ಸವರಿದ. ಕೈ ಸುಟ್ಟಿತು. ಜ್ವರ ಬೇರೆ ಬಂದಿದೆ ಎಂದು ಇನ್ನಷ್ಟು ಹೆದರಿ ಹೊರಟ.

ಏರಿನಲ್ಲಿ ಇಂಜಿನ್ ದನಿ ಸಣ್ಣದಾಯಿತು. ಉಜ್ಜಿನಪ್ಪ ತಾನೂ ಪೆಡಲ್ ತುಳಿದ. ಅದೊಂದು ಕೈ, ಇವನೊಂದು ಕೈ. ಹಿಂದೆ ಕೆಳಗಡೆ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳುತ್ತಿತ್ತು. ಮೇಲೆ ಸಂಸ್ಥಾನದ ನಾಕಾ. ನಾಕಾದವನು ರಸ್ತೆಗೆ ಅಡ್ಡಗಣಿ ಇಳಿಸಿ, ಮೂಗರಳಿಸಿ, "ಇದೇನಪಾ ಬಾಣಂತಿ ಮನಿ ವಾಸನಿ! ಯಾರ ಮನ್ಯಾಗ ಹೆರಿಗಿ ಆತು?" ಎಂದ.

"ಯಾರದೂ ಇಲ್ರೀ. ಇಂಜಿನ್ನಿಗೆ ಔಡಲೆಣ್ಣಿ ಕುಡಿಸೇನಿ."

ನಾಕಾದವನು ಗಾಬರಿಯಾದ. ಸೈಕಲ್ಲಿಗೊಂದು ಸುಂಕ, ಮೋಟಾರಿಗೊಂದು ಸುಂಕ, ಔಡಲೆಣ್ಣೆ ಕುಡಿಯುವುದಕ್ಕೆ ಏನು? "ಇದು ಯಾವುದರಾಗ ಬರತೈತಿ?"

"ದನದ ಡಾಕ್ಟರು ನೋಡ್ಯಾರ್ರೀ. ಬಾಲ ಇಲ್ಲ ಅಂದ್ರು."

ಅಷ್ಟರಲ್ಲಿ ಬಸ್ಸೂ ಬಂದು ಹಿಂದೆ ನಿಂತು ಹಾರ್ನ್ ಬಾರಿಸಿತು. ನಾಕಾದವನಿಗೆ ತಲೆ ಕೆಟ್ಟಿತು. "ನೀ ಮೊದಲ ಹೋಗಪಾ, ನಿನ್ನ ಆಮ್ಯಾಲೆ ವಿಚಾರ ಮಾಡೂಣು!" ಎಂದು ಅಡ್ಡಗಣಿ ಎತ್ತಿ, ಅದನ್ನು ಹಾಗೇ ಬಸ್ಸಿನ ಮುಂದೆ ಇಳಿಸಿ, ಬಸ್ಸಿನೊಳಗಿನ ಗಂಟು ಮೂಟೆ ನೋಡಲು ಹತ್ತಿದ. ಒಂದೊಂದು ಗಂಟಿಗೂ ಒಬ್ಬೊಬ್ಬ ಯಜಮಾನ, ಒಬ್ಬೊಬ್ಬ ಯಜಮಾನನಿಗೂ ಒಂದೊಂದು ಜಗಳ.

ಸಂಡೂರಿನಲ್ಲಿ ಕೊಟ್ರಯ್ಯ ಆಗಷ್ಟೇ ಅಂಗಡಿಯ ಹಲಗೆ ತೆಗೆಯುತ್ತಿದ್ದ. ಬುಟ್ಟಿ ಇಳಿಯಿತು. ಗೋಣಿ ಬಿಚ್ಚಿದರೆ ಎಲೆ ಇನ್ನೂ ಬಳ್ಳಿಯ ಮೇಲಿದ್ದೇನೆ ಎಂದುಕೊಂಡ ಹಾಗೆ ನೆಟ್ಟಗಿತ್ತು. ಕೊಟ್ರಯ್ಯ ಒಂದು ಎಲೆಯ ತೊಟ್ಟು ಮುರಿದು, ಸುಣ್ಣ ಹಚ್ಚಿ ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದ.

"ಎಲಿ ನಿಂದೇ ಹೋಗು. ಈ ವರ್ಷ ಅಷ್ಟೇ ಅಲ್ಲ, ನನ್ನ ಅಂಗಡಿ ಇರೋ ತನಕ. ಅಲ್ಲೋ, ಗೆದ್ದು ಬಂದವನು ಹಿಂಗ್ಯಾಕ ಮಾರಿ ಸಪ್ಪಗ ಮಾಡೀದಿ?"

ಉಜ್ಜಿನಪ್ಪನ ಕಣ್ಣಲ್ಲಿ ನೀರಾಡಿತು. "ಅಣ್ಣ, ಇಲ್ಲೀ ಮಟ ಎಳಕೊಂಡು ಬಂತು. ಒಂದು ಪಾವು ಸೈತ ಕುಡೀಲಿಲ್ಲ. ಸರ್ಕಾರದವರೂ ರೋಗ ಅಂದಾರ. ಎಷ್ಟು ದಿನ ಬದುಕತೈತೋ ಏನೋ."

ಕೊಟ್ರಯ್ಯ ಅಗಿಯುವುದು ನಿಲ್ಲಿಸಿದ. ಅವನನ್ನೂ ಇಂಜಿನ್ನನ್ನೂ ನೋಡಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ, ಎಲೆಯ ರಸ ಅಂಗಿಯ ಮೇಲೆ ಬಿತ್ತು.

"ಲೇ ಹುಚ್ಚಪ್ಪ! ನಾನು ಮೂವತ್ತು ವರ್ಷದಿಂದ ಅಂಗಡ್ಯಾಗ ಆಳು ಇಟ್ಟೀನಿ. ತಿನ್ನದೇ ದುಡಿಯೋದು ಒಂದಾದ್ರೂ ಸಿಗಲಪ್ಪ ಅಂತ ಎಷ್ಟು ದೇವರಿಗೆ ಕಾಯಿ ಒಡಸೀನಿ ಗೊತ್ತೈತೇನು? ನಿನಗ ಪುಕ್ಕಟೆ ಸಿಕ್ಕೈತಿ, ಕುಂತು ಅಳಾಕತ್ತೀದಿ!"

ಉಜ್ಜಿನಪ್ಪ ಇಂಜಿನ್ ಕಡೆ ತಿರುಗಿದ. ಮತ್ತೆ ಕೊಟ್ರಯ್ಯನ ಕಡೆ ತಿರುಗಿದ. ಏರು ಹತ್ತಲು ಹಿಡಿದದ್ದಕ್ಕಿಂತ ಆ ಮಾತು ತಲೆಗೆ ಹತ್ತಲು ಹೆಚ್ಚು ಹೊತ್ತು ಹಿಡಿಯಿತು. ಹತ್ತಿದ ಮೇಲೆ ಅವನೂ ನಕ್ಕ. ನಗು ಮುಗಿಯುವಾಗ ಸಂತೆಬೀದಿಯ ತುದಿಯಲ್ಲಿ ಧೂಳೆಬ್ಬಿಸಿಕೊಂಡು ಬಸ್ಸು ಬರುತ್ತಿತ್ತು.

ಮನೆಗೆ ಬಂದು ಹೇಳಿದಾಗ ಮರುಳಸಿದ್ದಮ್ಮ "ನಾ ಮೊದಲ ಹೇಳಿದ್ದೆ" ಎನ್ನಲಿಲ್ಲ. ಕಟ್ಟಿಟ್ಟ ಪಾತ್ರೆಯ ಗಂಟೊಂದನ್ನು ಬಿಚ್ಚಿ, ತಪ್ಪಲೆ ಒಲೆಯ ಮೇಲಿಟ್ಟಳು. ವಿರೂಪಾಕ್ಷಪ್ಪ ಮಾತ್ರ ಒಪ್ಪಲಿಲ್ಲ. "ನಿನ್ನ ಹಣಿಬರಹ ಚಲೋ ಇತ್ತು, ಅಷ್ಟ. ಆದ್ರೂ ಉಣ್ಣದ ಜೀವ ನಂಬಬಾರದು" ಎಂದು ರಾತ್ರಿ ಊಟದ ತನಕ ವಾದಿಸಿದ. ದೊಡ್ಡದರ ಬೆನ್ನ ಮೇಲಿಂದ ಅವನ ಕೈ ಸರಿಯಲೇ ಇಲ್ಲ. ಕೊನೆಗೆ ಹಂಪಯ್ಯನನ್ನು ಕರೆಸಿ, ಇಬ್ಬರೂ ಒಂದು ವಲ್ಲಿಯ ಕೆಳಗೆ ಕೈಯಿಟ್ಟು, ಬೆರಳು ಮುಟ್ಟಿ, ಎತ್ತಿನ ಸಂತೆಯ ಪ್ರಕಾರ ಗುಟ್ಟಾಗಿ ವ್ಯವಹಾರ ಮುಗಿಸಿದರು.

ಮಂಗಳವಾರ ಯಾರೂ ಪ್ರಯಾಣ ಹೊರಡುವುದಿಲ್ಲ. ಬುಧವಾರ ಬೆಳಿಗ್ಗೆ ತಾಯಕ್ಕ ನೀರು ತಂದು ಎತ್ತುಗಳ ಕಾಲಿಗೆ ಹೊಯ್ದಳು, ಗಾಡಿ ಕಂಪ್ಲಿಯ ಕಡೆ ತಿರುಗಿತು. ಮುಂದೆ ವಿರೂಪಾಕ್ಷಪ್ಪ, ಹಿಂದೆ ಭತ್ತದ ಹುಲ್ಲಿನ ಮೆತ್ತೆಯ ಮೇಲೆ ದೊಡ್ಡ ಇಂಜಿನ್, ಅದರ ಹತ್ತಿರ ಎರಡು ಡಬ್ಬಿ ಪೆಟ್ರೋಲು, ದಾರಿಯಲ್ಲಿ ಹಸಿದರೆ ಇರಲಿ ಎಂದು.